ರೇಡಿಯೋ ಕವರಿನ ಕುಲಾವಿ

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಆತುರಗಾರರನ್ನು ಆಡಿಕೊಳ್ಳುವುದುಂಟು. ಒಂಟಿಕೊಪ್ಪಲಿನ ಹೂವಿನ ಬಸವಮ್ಮನವರ ಮನೆಯಲ್ಲಿ ಆದದ್ದು ತಿರುಗಾಮುರುಗಾ. ಕುಲಾವಿಯ ಮಾತಿರಲಿ, ತೊಟ್ಟಿಲು ಕೂಡ ಇನ್ನೂ ಅಟ್ಟದ ಮೇಲಿತ್ತು. ಕೂಸೇ ಆತುರಪಟ್ಟು ಎಂಟನೇ ತಿಂಗಳಿಗೆ ಬಂದುಬಿಟ್ಟಿತು.

ಇಪ್ಪತ್ತು ವರ್ಷದಿಂದ ಪಂಕಜಮ್ಮನವರ ಬಾಗಿಲಿಗೆ ದಿನವೂ ಎರಡು ಮೊಳ ಹೂ ತರುವ ಬಸವಮ್ಮ ಮೂರು ದಿನ ನಾಪತ್ತೆ. ನಾಲ್ಕನೇ ದಿನ ಬರಿಗೈಲಿ ಬಂದು ಮೆಟ್ಟಿಲ ಮೇಲೆ ಕೂತರು. ಪಂಕಜಮ್ಮ ಒಳಗೆ ಹೋಗಿ ಕಾಫಿ ತಂದು ಕೈಗಿಟ್ಟರು.

"ನಮ್ ಮಗಳು ಪ್ರೀತಿಗೆ ಹೆರಿಗೆ ಆಯ್ತು ಅಮ್ಮಾವ್ರೆ. ಹೆಣ್ಣು. ಒಂದೂಮುಕ್ಕಾಲು ಕೇಜಿ ಅಷ್ಟೆ. ನನ್ನ ಬುಟ್ಟೀಲಿರೋ ಊವೇ ಅದಕ್ಕಿಂತ ತೂಕ ಬತ್ತದೆ."

"ಡಾಕ್ಟ್ರು ಏನಂದ್ರಮ್ಮ?"

"ಮೈ ತಣ್ಣಗಾಗಬಾರ್ದಂತೆ. ತಾಯಿ ಎದೆಗೇ ಅವಚ್ಕೊಂಡಿರ್ಬೇಕಂತೆ. ತಲೆಗೆ ಟೋಪಿ ಬೇಕಂತೆ. ಆಸ್ಪತ್ರೇಲಿರೋ ಟೋಪಿ ಹಾಕುದ್ರೆ ಮಗೀನ ಮೂಗೂ ಮುಚ್ಕೋತದೆ. ಅಲ್ಲ ಅಮ್ಮಾವ್ರೆ, ಶಿವರಾತ್ರಿ ಕಳೀತು, ಚಳಿ ಶಿವಶಿವಾ ಅಂತ ಓಡೋಯ್ತು. ಈ ಬಿಸ್ಲಲ್ಲಿ ಟೋಪಿ ಯಾಕೆ ಅಂತೀನಿ."

ಟೋಪಿ ಎಂಬ ಮಾತು ಕಿವಿಗೆ ಬಿದ್ದದ್ದೇ ಪಂಕಜಮ್ಮನ ಬೆರಳುಗಳು ಚುರುಕಾದವು. ಅಲಮಾರಿನ ಮೇಲಿನ ಬಿಸ್ಕತ್ತಿನ ಡಬ್ಬದಿಂದ ಕ್ರೋಶ ಕಡ್ಡಿಯನ್ನು ಇಳಿಸಿದರು. ಹತ್ತು ವರ್ಷ ಅದನ್ನು ಮುಟ್ಟಿರಲಿಲ್ಲ. ಅಮ್ಮನ ಕಡ್ಡಿ ಅದು. ಲಕ್ಷ್ಮೀಪುರಂ ಮನೆಯ ಜಗುಲಿಯಲ್ಲಿ ಸಂಜೆ ಹೊತ್ತು ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. "ಬಿಗಿ ಎಳೀಬೇಡ್ವೇ, ದಾರಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?" ಎನ್ನುತ್ತಿದ್ದರು. ಕಡ್ಡಿ ಹಿಡಿದ ಕೂಡಲೆ ಆ ದನಿಯೂ, ಪಕ್ಕದ ಮನೆಯಿಂದ ಬರುತ್ತಿದ್ದ ಹುರಿದ ಕಾಫಿಬೀಜದ ವಾಸನೆಯೂ ಒಟ್ಟಿಗೇ ಬಂದುಬಿಟ್ಟವು.

ಹೊಸ ಗುಲಾಬಿ ದಾರ ತರಿಸಿ, ಒಂದೇ ದಿನದಲ್ಲಿ ಟೋಪಿ ಮುಗಿಸಿದರು. ಮುಗಿಸಿದವರು ಅಷ್ಟಕ್ಕೇ ಬಿಡಬೇಕಲ್ಲ? ಕ್ರೋಶ ಅಂದಮೇಲೆ ಗಂಜಿ ಹಾಕದೆ ಇರುವುದುಂಟೆ? ಟೀಪಾಯಿ ಹೊದಿಕೆಗೆ, ಬಾಗಿಲ ತೋರಣಕ್ಕೆ ಅಮ್ಮ ಹಾಕುತ್ತಿದ್ದ ಹಾಗೆ ಅಕ್ಕಿ ಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿದರು. ಟೋಪಿ ಮೇಜಿನ ಮೇಲೆ ತಾನೇ ಸೆಟೆದು ನಿಂತಿತು.

ಅವರ ಯಜಮಾನರು ಪುಟ್ಟಣ್ಣ ಅದನ್ನು ಬೆರಳಲ್ಲಿ ತಟ್ಟಿ ನೋಡಿದರು. "ಇದರಲ್ಲಿ ಉಪ್ಪಿಟ್ಟು ಹಾಕ್ಕೊಂಡು ತಿನ್ನಬಹುದು ಕಣೇ."

"ನಿಮಗೆ ಎಲ್ಲದರಲ್ಲೂ ತಮಾಷೆ" ಎಂದು ಪಂಕಜಮ್ಮ ಟೋಪಿಯನ್ನು ಕಾಗದದಲ್ಲಿ ಸುತ್ತಿ, ಪ್ರೀತಿ ಇದ್ದ ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದ ಎದುರುಮನೆಯ ಯಶೋಧಾಳ ಕೈಗೆ ಕೊಟ್ಟರು.

ಮಾರನೇ ದಿನ ಸಂಜೆ ಟೋಪಿ ವಾಪಸು ಬಂತು. ಯಶೋಧಾಳ ಜೊತೆ ಬಸವಮ್ಮನೂ ಬಂದಿದ್ದರು, ಮುಖ ಸಣ್ಣದು ಮಾಡಿಕೊಂಡು.

"ಆಂಟಿ, ಬೇಜಾರ್ ಮಾಡ್ಕೋಬೇಡಿ" ಎಂದಳು ಯಶೋಧಾ. "ಇದು ಗಟ್ಟಿ ಇದೆ. ಮಗು ಚರ್ಮ ಈರುಳ್ಳಿ ಸಿಪ್ಪೆ ಹಾಗಿದೆ, ಅಂಚು ಒತ್ತಿ ಗಾಯ ಆಗುತ್ತೆ. ಗಂಜಿ ಹಾಕಿದೀರ?"

ಪಂಕಜಮ್ಮನ ಮುಖ ಸಪ್ಪಗಾಯಿತು. ಅರವತ್ತೆಂಟು ವರ್ಷದ ಬದುಕಿನಲ್ಲಿ ಕೈಕೆಲಸದಲ್ಲಿ ತಪ್ಪು ಹಿಡಿಸಿಕೊಂಡದ್ದು ಇದೇ ಮೊದಲು.

"ನಾನ್ ಆಸ್ಪತ್ರೇಲೇ ಏಳ್ಲಿಲ್ವಾ?" ಬಸವಮ್ಮ ಬಾಯಿ ಹಾಕಿದರು. "ಹಸುಗೂಸಿಗೆ ಒಸ ಬಟ್ಟೆ ಸೋಕುಸ್ಬಾರ್ದು. ನಮ್ಮತ್ತೆ ಹಳೇ ಸೀರೆ ಅರಿದೇ ಸುತ್ತುತ್ತಿದ್ರು. ಟೋಪಿನೂ ಬೇಡ, ಗೀಪಿನೂ ಬೇಡ, ಬುಟ್ಬುಡಿ."

"ಬೆಳಿಗ್ಗೆ ಮಗು ಕಾಲು ಮುಟ್ಟಿದ್ರಲ್ಲ ಬಸವಮ್ಮ, ಹೇಗಿತ್ತು?" ಯಶೋಧಾ ಕೇಳಿದಳು.

"ತಣ್ಣಗಿತ್ತು. ಐಸ್ ಇದ್ದಂಗಿತ್ತು ಕಣವ್ವ" ಎಂದು ಬಸವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೊರಗೆ ಬಿಸಿಲಿರಬಹುದು. ಆದರೆ ತಿಂಗಳು ತುಂಬದ ಮಗೂಗೆ ಮೈಯಲ್ಲಿ ಕೊಬ್ಬೇ ಇರಲ್ಲ, ಬಿಸಿ ಹಿಡಿದಿಟ್ಕೊಳ್ಳೋಕೆ ಬರಲ್ಲ. ಮೈಗೆ ಹೋಲಿಸಿದ್ರೆ ತಲೆ ದೊಡ್ಡದಲ್ವಾ, ಬರಿ ಬಿಟ್ರೆ ಬಿಸಿ ತುಂಬಾ ಅಲ್ಲಿಂದ ಹೋಗ್ತಾ ಇರುತ್ತೆ. ಮೈ ತಣ್ಣಗಾದ್ರೆ ಹಾಲೂ ಸರಿಯಾಗಿ ಕುಡಿಯಲ್ಲ, ತೂಕಾನೂ ಏರಲ್ಲ. ಇನ್ನು ನಿಮ್ಮತ್ತೆ ಹೇಳಿದ್ದರಲ್ಲಿ ನಿಜ ಇದೆ. ಒಗೆದು ಒಗೆದು ಹಳೇದಾದ ಬಟ್ಟೆ ಮೆತ್ತಗಿರುತ್ತೆ. ಬೇಕಾಗಿರೋದು ಆ ಮೆತ್ತನೆ ಗುಣಾನೇ. ಹೊಸ ದಾರ ಆದ್ರೂ ಚೆನ್ನಾಗಿ ಒಗೆದು ಮೆತ್ತಗೆ ಮಾಡಿದ್ರೆ ಆಯ್ತು."

"ಹಳೇ ದಾರ ಎಲ್ಲಿಂದ ತರಾಣ?" ಬಸವಮ್ಮ ಪಟ್ಟು ಬಿಡಲಿಲ್ಲ. "ಹಳೇದಾದ್ರೆ ಹಾಕ್ತೀನಿ. ಒಸದು ಹಾಕಕ್ಕೆ ನನ್ನ ಮನಸ್ಸು ಒಪ್ಪಾಕಿಲ್ಲ."

ಪಂಕಜಮ್ಮನ ಕಣ್ಣು ಮೂಲೆಯ ರೇಡಿಯೋ ಮೇಲೆ ಹೋಯಿತು. ಅದು ಹಾಡುವುದು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಅದರ ಮೇಲಿನ ಬಿಳಿ ಕ್ರೋಶ ಕವರು ಮಾತ್ರ ಹಬ್ಬ ಹಬ್ಬಕ್ಕೂ ಒಗೆಸಿಕೊಂಡು ಹಾಗೇ ಇತ್ತು. ಪಂಕಜಮ್ಮನ ಮದುವೆಗೆಂದು ಅಮ್ಮ ನಡುವಿನಿಂದ ಶುರು ಮಾಡಿದ್ದು. ಅರ್ಧಕ್ಕೆ ಬಂದಾಗ ಅಮ್ಮನ ಕಣ್ಣಿಗೆ ಪೊರೆ ಬಂತು. ಹೊರಗಿನ ಸುತ್ತುಗಳನ್ನೆಲ್ಲ ಪಂಕಜಮ್ಮನೇ ಹಾಕಿ ಮುಗಿಸಿದ್ದರು.

"ಇದು ನಲವತ್ತೈದು ವರ್ಷದ ದಾರ. ಇಷ್ಟು ಹಳೇದು ಸಾಕಾ ಬಸವಮ್ಮ?"

"ಅಯ್ಯೋ, ಅದು ನಿಮ್ಮಮ್ಮಂದಲ್ವಾ? ಬೇಡಿ ಅಮ್ಮಾವ್ರೆ."

"ಹೊರಗಿನದು ನನ್ನದೇ" ಎಂದು ಪಂಕಜಮ್ಮ ಕಡೆಯ ಗಂಟನ್ನು ಬಿಡಿಸಿದರು.

ಕ್ರೋಶದ ಗುಣವೇ ಅದು. ಕಡೆಯ ಗಂಟು ಬಿಚ್ಚಿದರೆ ಪೂರ್ತಿ ಕೆಲಸ ದಾರವಾಗಿ ಬಂದುಬಿಡುತ್ತದೆ. ಪುಟ್ಟಣ್ಣ ಎದುರು ಕೂತು ಎರಡು ಕೈ ಚಾಚಿದರು. ದಾರ ಅವರ ಕೈಗೆ ಸುತ್ತಿಕೊಳ್ಳುತ್ತ ಹೋಯಿತು. "ರೇಡಿಯೋಗೆ ಚಳಿ ಆಗಲ್ವೇನೇ?" ಎಂದರು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ಅಮ್ಮನ ದಾರಕ್ಕೆ ತನ್ನ ದಾರ ಕಟ್ಟಿದ್ದ ಪುಟ್ಟ ಗಂಟು ಸಿಕ್ಕಿದಾಗ ಪಂಕಜಮ್ಮನ ಕೈ ನಿಂತಿತು. ಒಂದು ಟೋಪಿಗೆ ಇಷ್ಟು ದಾರ ಧಾರಾಳವಾಯಿತು. ಗಂಟಿನ ಹತ್ತಿರ ಕತ್ತರಿಸಿ, ಉಳಿದ ಅಮ್ಮನ ದುಂಡು ಬಿಲ್ಲೆಯನ್ನು ಮತ್ತೆ ರೇಡಿಯೋ ಮೇಲಿಟ್ಟರು. ಉಳಿಯಿತಲ್ಲ ಎಂದು ಸಮಾಧಾನವೂ ಆಯಿತು.

ದಾರವನ್ನು ಸೋಪಿನಲ್ಲಿ ಒಗೆದು, ಬಿಸಿನೀರಲ್ಲಿ ಅದ್ದಿ, ಬಿಸಿಲಿಗೆ ಹಾಕಿದರು. ಎರಡೆಳೆ ಸೇರಿಸಿ, ಯಶೋಧಾ ಕೊಟ್ಟ ಅಳತೆಗೆ ಸಡಿಲವಾಗಿ ಹೆಣೆದರು. ಗಂಜಿಯಿಲ್ಲ, ಮಣಿಯಿಲ್ಲ, ಕಟ್ಟುವ ಲಾಡಿಯಿಲ್ಲ. ಬಸವಮ್ಮ ಟೋಪಿಯನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿದರು. "ನಮ್ಮತ್ತೆ ಸೀರೆ ಇದ್ದಂಗೇ ಅದೆ" ಎಂದು ಮಡಿಲಿಗೆ ಹಾಕಿಕೊಂಡು ಹೊರಟರು.

ಹದಿನೈದು ದಿನದ ಮೇಲೆ ಬಸವಮ್ಮ ಹೂವಿನ ಬುಟ್ಟಿಯ ಸಮೇತ ಬಂದರು. ಮಗು ಎರಡು ಕೇಜಿ ದಾಟಿತ್ತು. "ಪ್ರೀತಿ ಎದೆಗೆ ಹಾಕ್ಕೊಂಡು, ತಲೆಗೆ ನಿಮ್ ಕುಲಾವಿ ಇಟ್ರೆ ಕಾಲು ಬೆಚ್ಚಗಿರ್ತದೆ ಅಮ್ಮಾವ್ರೆ. ನಾನೇ ಮುಟ್ಟಿ ಮುಟ್ಟಿ ನೋಡ್ದೆ. ಪಕ್ಕದ ಮಂಚದಲ್ಲಿ ಅವಳಿ ಹುಟ್ಟವೆ. ನಮ್ಮದಕ್ಕಿಂತ ಸಣ್ಣವು. ಅವ್ರಜ್ಜಿನೂ ನನ್ನಂಗೇ ಟೋಪಿ ಯಾಕೆ ಅಂತಿತ್ತು. ನಾನೇ ಬೈದು ಬುದ್ಧಿ ಏಳ್ದೆ."

ಪಂಕಜಮ್ಮ ರೇಡಿಯೋ ಕಡೆ ನೋಡಿದರು. ಅಮ್ಮನ ಬಿಲ್ಲೆ ದೊಡ್ಡ ತಟ್ಟೆಯಗಲವಿತ್ತು. ಎರಡು ಪುಟ್ಟ ತಲೆಗೆ ಸಾಕು. ಕೈಗೆತ್ತಿಕೊಂಡಾಗ ಅಳು ಬಂತು, ಅತ್ತರು. ಆಮೇಲೆ ಕಡ್ಡಿಯ ತುದಿಯಿಂದ ಗಂಟನ್ನು ಬಿಡಿಸಿದರು. ಅಮ್ಮ ಸಡಿಲವಾಗಿಯೇ ಹಾಕಿದ್ದರು. ದಾರ ಎಲ್ಲೂ ಸಿಕ್ಕಿಕೊಳ್ಳದೆ ಬಂತು.

ಅಕ್ಕಂದಿರೇ, ಅಜ್ಜಿಯಂದಿರೇ, ನಿಮ್ಮ ಡಬ್ಬದಲ್ಲೂ ಒಂದು ಕ್ರೋಶ ಕಡ್ಡಿ ಸುಮ್ಮನೆ ಮಲಗಿರಬಹುದು. ಅದನ್ನು ಎಬ್ಬಿಸಿ. ಮೊದಲು ಹತ್ತಿರದ ಹೆರಿಗೆ ಆಸ್ಪತ್ರೆಗೆ ಹೋಗಿ, ಯಾವ ಅಳತೆ ಬೇಕು, ಎಷ್ಟು ಬೇಕು ಎಂದು ಅಲ್ಲಿನ ನರ್ಸನ್ನು ಕೇಳಿ. ಮೆತ್ತನೆಯ ದಾರದಲ್ಲಿ ಹೆಣೆಯಿರಿ, ಒಗೆದು ಕೊಡಿ, ಬಿಡಿ ಎಳೆ ಉಳಿಸಬೇಡಿ. ಗಂಜಿಯನ್ನು ಟೀಪಾಯಿ ಹೊದಿಕೆಗೇ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲೇ ಬಾಣಂತಿ, ಪುಟ್ಟ ಕೂಸು ಇದ್ದರೆ, ಟೋಪಿ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ನರ್ಸ್ ಹೇಳಿದಂತೆ ನಡೆಯಿರಿ. ಮಗು ಬೆವರುವಷ್ಟು ಹೊದಿಸಬೇಡಿ.

ಕುಲಾವಿಗೆ ಆತುರಪಡಬಾರದು ಎಂದು ಗಾದೆ ಹೇಳುತ್ತದೆ, ನಿಜ. ಆದರೆ ಕೂಸು ಆಗಲೇ ಬಂದಾಗಿದೆ, ಕುಲಾವಿ ಇನ್ನೂ ಬರಬೇಕು.