ಎಡಗಾಲಿನ ಮೆತ್ತೆ

ನೀರು ಬೀಳುತ್ತಿದೆ, ಒಳಗೆ ಅವನ ಸ್ನಾನದ್ದೋ ಹೊರಗೆ ಎಲೆಗಳದ್ದೋ ತಿಳಿಯುತ್ತಿಲ್ಲ, ಈ ಕಾಡಿನಲ್ಲಿ ಮಳೆ ನಿಂತರೂ ಮರಗಳು ಗಂಟೆಗಟ್ಟಲೆ ಸುರಿಸುತ್ತಲೇ ಇರುತ್ತವೆ, ಹೇಳಿದ್ದನ್ನೇ ಹೇಳುವ ನಮ್ಮತ್ತೆಯ ಹಾಗೆ — ಹಾಂ, ಹಾಡು ಶುರುವಾಯಿತು, ಹಾಗಾದರೆ ಇದು ಒಳಗಿನ ನೀರೇ, ಬಿಸಿನೀರು ಬಂದಿದೆ ಅಂತ ಅರ್ಥ, ಬರದೆ ಏನು, ಸ್ವಿಚ್ಚು ಎಲ್ಲಿದೆ ಅಂತ ನನ್ನ ಗಂಡನಿಗೆ ಗೊತ್ತಲ್ಲ. ಬಟ್ಟೆಯ ಕಪಾಟಿನ ಹಿಂದೆ, ಗೋಡೆಗೂ ಮರಕ್ಕೂ ನಡುವೆ ನಾಲ್ಕು ಬೆರಳಿನ ಸಂದಿ, ಆ ಸಂದಿಯೊಳಗೆ. ನಿನ್ನೆ ಮಧ್ಯಾಹ್ನ ರೂಮಿಗೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ, ನನ್ನ ಮುಖ ನೋಡಿಕೊಂಡು ಏನೋ ತಮಾಷೆ ಹೇಳುತ್ತಿದ್ದ, ಹೇಳುತ್ತಿರುವಾಗಲೇ ಕೈ ತಾನಾಗಿ ಆ ಸಂದಿಯೊಳಗೆ ಹೋಯಿತು, ಟಕ್ ಅಂತು, ವಾಪಸ್ ಬಂತು, ನಾನು ನಗುತ್ತಿದ್ದೆ, ನಗು ಅರ್ಧಕ್ಕೇ ಸಿಕ್ಕಿಕೊಂಡಿತು. ಎಂಟು ವರ್ಷ ಹೋಟೆಲಿನ ಕೌಂಟರಿನಲ್ಲಿ ನಿಂತವಳು ನಾನು. ಹೊಸದಾಗಿ ಬಂದವರು ಫೋನ್ ಮಾಡುತ್ತಾರೆ, ಬಿಸಿನೀರು ಬರ್ತಿಲ್ಲ ಮೇಡಂ, ಸ್ವಿಚ್ ಎಲ್ಲಿದೆ ಮೇಡಂ, ಮಾಡದೇ ಇರುವವರು ಮೊದಲೇ ಬಂದು ಹೋದವರು. ಇವನೋ ಬಸ್ಸಿನಲ್ಲಿ ಕೈ ಹಿಡಿದುಕೊಂಡು, ನಾನೂ ಮೊದಲನೇ ಸಲ ಕಣೇ ಬರ್ತಿರೋದು, ಇಬ್ಬರೂ ಒಟ್ಟಿಗೇ ನೋಡೋಣ ಅಂತ ಕಾಯ್ತಿದ್ದೆ, ಅಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಸ್ವಿಚ್ಚಿಗಿಂತ ಮೊದಲೇ ಗೊತ್ತಾಗಿತ್ತು, ಸುಳ್ಳೇಕೆ. ಕೌಂಟರಿನ ಹುಡುಗಿ — ಗುಂಗುರು ಕೂದಲು, ನಿಂತು ನಿಂತು ಊದಿದ ಪಾದ, ನಮ್ಮವಳೇ, ನಮ್ಮ ಜಾತಿಯೇ ಬೇರೆ, ನಿಂತು ತಿನ್ನುವವರ ಜಾತಿ — ಅವನನ್ನು ನೋಡಿ ಬಾಯಿ ತೆರೆದಳು, ನನ್ನನ್ನು ನೋಡಿದಳು, ಅರ್ಧ ಉಸಿರು ನುಂಗಿದಳು, ಆಮೇಲೆ ಸ್ವಾಗತ ಸರ್, ಸ್ವಾಗತ ಮೇಡಂ ಅಂದಳು. ಆ ಅರ್ಧ ಉಸಿರು ನನಗೆ ಗೊತ್ತು, ಅದನ್ನು ಹೊಸಬರಿಗೆ ಕಲಿಸಿಕೊಟ್ಟವಳೇ ನಾನು. ಹೆಂಗಸಿನ ಜೊತೆ ಬಂದ ಗಂಡಸಿಗೆ ಮತ್ತೆ ಬಂದ್ರಾ ಅನ್ನಬಾರದು. ಮರೆತು ಬಿಟ್ಟುಹೋದ ಸಾಮಾನಿನ ಬಗ್ಗೆ ಮನೆಗೆ ಫೋನ್ ಮಾಡಬಾರದು, ಫೋನ್ ಯಾರು ಎತ್ತುತ್ತಾರೋ ಗೊತ್ತಿಲ್ಲ, ಆರು ತಿಂಗಳು ಚೀಟಿ ಕಟ್ಟಿ ಇಡಬೇಕು, ಕೇಳಿದವರಿಗೆ ಕೊಡಬೇಕು. ಒಂದು ಸಲ ನಾನೇ ತಪ್ಪಿದ್ದೆ, ಮತ್ತೆ ಬಂದಿದ್ದಕ್ಕೆ ಸಂತೋಷ ಸರ್ ಅಂದುಬಿಟ್ಟೆ, ಪಕ್ಕದಲ್ಲಿ ಮದುವೆಯಾಗಿ ಎರಡು ದಿನದ ಹೆಂಡತಿ, ಕೈಯಲ್ಲಿ ನಾವೇ ಕೊಟ್ಟ ಹಣ್ಣಿನ ರಸದ ಲೋಟ, ಲೋಟ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು, ಕುಡಿಯಲೂ ಇಲ್ಲ, ಇಳಿಸಲೂ ಇಲ್ಲ. ಅಯ್ಯೋ ಪಾಪ ಅನ್ನಿಸಿತಾ ನನಗೆ? ಹಿಂದಿನ ಕೋಣೆಗೆ ಓಡಿಹೋಗಿ ನನ್ನ ಗೆಳತಿ ಪಿಟೀಲಿಗೆ ಮಾಡಿ ತೋರಿಸಿದೆ, ಖಾಲಿ ಲೋಟ ಹಿಡಿದು, ಹುಬ್ಬು ಮೇಲಕ್ಕೆತ್ತಿ, ಕಲ್ಲಾಗಿ ನಿಂತು. ಪಿಟೀಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಇನ್ನೊಂದ್ಸಲ ಮಾಡೇ, ಇನ್ನೊಂದ್ಸಲ, ಕಣ್ಣಲ್ಲಿ ನೀರು ಬಂತು ಅವಳಿಗೆ. ಸಣ್ಣ ದನಿ, ತಂತಿ ಎಳೆದ ಹಾಗೆ, ಅದಕ್ಕೇ ಪಿಟೀಲು, ಆರು ವರ್ಷದಿಂದ ಅದೇ ಕೌಂಟರಿನಲ್ಲಿ ನನ್ನ ಎಡಕ್ಕೆ ನಿಂತವಳು, ಈಗಲೂ ನಿಂತಿದ್ದಾಳೆ, ನನ್ನ ಪಾಲಿನ ಶಿಫ್ಟನ್ನೂ ಅವಳೇ ಮಾಡುತ್ತಿದ್ದಾಳೆ, ನೀನು ಆರಾಮಾಗಿ ಹೋಗಿ ಬಾ, ನಾನಿದ್ದೀನಲ್ಲ ಅಂದಳು. ಪೆಟ್ಟಿಗೆ ತುಂಬಲೂ ಬಂದಿದ್ದಳು. ಒಂದು ಜೊತೆ ಬಟ್ಟೆ ಹೆಚ್ಚಿಗೇ ಇಟ್ಕೋ, ಅಲ್ಲಿ ಏನೂ ಒಣಗಲ್ಲ. ಅಲ್ಲಿ ಏನೂ ಒಣಗಲ್ಲ ಅಂತ ನಿನಗೆ ಹೇಗೆ ಗೊತ್ತೇ ಅಂತ ಕೇಳಬೇಕಿತ್ತು ನಾನು, ಕೇಳಲಿಲ್ಲ, ಹೌದಲ್ವಾ ಅಂದುಕೊಂಡು ಇನ್ನೊಂದು ಚೂಡಿದಾರ ಮಡಚಿಟ್ಟೆ.

ಹಾಡು ನಿಂತಿತು, ಸೋಪು ಹಚ್ಚಿಕೊಳ್ಳುತ್ತಿರಬೇಕು, ಇನ್ನೂ ಹತ್ತು ನಿಮಿಷ ಇದೆ. ಬೆಳಿಗ್ಗೆ ತಿಂಡಿಯಾದ ಮೇಲೆ, ನೀವು ಸ್ನಾನಕ್ಕೆ ಹೋಗಿ, ನಾನು ಒಂದು ಸುತ್ತು ಹಾಕಿ ಬರ್ತೀನಿ ಅಂದೆ, ಮದುವೆಗೆ ಮುಂಚೆ ಅವನನ್ನು ನೀನು ಅನ್ನುತ್ತಿದ್ದೆ, ಈಗ ರೀ, ನೀವು, ಅತ್ತೆಯ ಕಿವಿಗೆ ಹಿತವಾಗಿರಲಿ ಅಂತ ಶುರು ಮಾಡಿ ನಾಲಿಗೆಗೆ ಅಂಟಿಕೊಂಡಿದೆ. ಕೌಂಟರಿಗೇ ಹೋದೆ. ಗುಂಗುರು ಕೂದಲಿನವಳ ಪಾಳಿ ಮುಗಿಯಲಿ ಅಂತಲೇ ಕಾದಿದ್ದೆ, ಅವಳು ಅವನ ಜೊತೆ ಬಂದವಳನ್ನು ಕಂಡವಳು, ಬಾಯಿ ಬಿಡುವುದಿಲ್ಲ. ಬೆಳಗಿನ ಪಾಳಿಯಲ್ಲಿ ಇದ್ದದ್ದು ಇನ್ನೊಬ್ಬಳು, ಷೂ ಮಿಂಚುತ್ತಿತ್ತು, ಅಂದರೆ ಕೆಲಸಕ್ಕೆ ಸೇರಿ ತಿಂಗಳೂ ಆಗಿಲ್ಲ. ಹೋದ ಸಲ ಬಂದಾಗ ಒಂದು ಸಾಮಾನು ಬಿಟ್ಟು ಹೋಗಿದ್ವಿ, ಅಂದೆ, ನಮ್ಮೆಜಮಾನ್ರ ಹೆಸರಲ್ಲಿ ನೋಡಮ್ಮ. ಕತ್ತಲಲ್ಲಿ ಎಸೆದ ಕಲ್ಲು. ಆದರೆ ಹತ್ತು ಜೋಡಿ ಬಂದರೆ ಒಂಬತ್ತು ಜೋಡಿ ಏನಾದರೂ ಬಿಟ್ಟೇ ಹೋಗುತ್ತವೆ, ಇದೂ ಎಂಟು ವರ್ಷದ ಅನುಭವವೇ. ಪಾಪದ ಹುಡುಗಿ, ಒಂದು ಗಂಡಿಗೆ ಒಂದೇ ಹೆಣ್ಣು ಅಂತ ನಂಬುವ ವಯಸ್ಸು, ಪುಸ್ತಕ ತಿರುವಿದಳು, ಒಳಗೆ ಹೋದಳು, ಇದೇ ಅಲ್ವಾ ಮೇಡಂ ಅಂತ ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಕಿವಿಯ ಓಲೆ ಇರಬಹುದು ಅಂದುಕೊಂಡಿದ್ದೆ, ಒಳಬಟ್ಟೆ ಇರಬಹುದು, ಯಾವಳೋ ಮೂರನೆಯವಳದು, ಯಾವಳದ್ದಾದರೂ ಸರಿ, ಗೊತ್ತಿಲ್ಲದವಳದು. ಚೀಟಿಯಲ್ಲಿ ದುಂಡಗೆ ಬರೆದಿದೆ, ಇದೇ ರೂಮು, ಮೂರು ತಿಂಗಳ ಹಿಂದಿನ ಹದಿನಾಲ್ಕನೇ ತಾರೀಖು, ಷೂ ಒಳಗಿನ ಮೆತ್ತೆ, ಒಂದು, ಎಡ. ನೀಲಿ ಸ್ಪಂಜು. ಸುತ್ತ ಕೆಂಪು ದಾರ. ನಡುವೆ ಹಿಮ್ಮಡಿ ಒತ್ತಿ ಒತ್ತಿ ಆದ ಗುಂಡಿ.

ಪಿಟೀಲಿನ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಗಿಡ್ಡ. ಕೌಂಟರಿನ ಹಿಂದೆ ನಿಂತರೆ ಯಾರಿಗೂ ಕಾಣದು, ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಂಡು ಅಳುತ್ತಿದ್ದಳು, ಅಂಗಡಿಯ ಮೆತ್ತೆಗಳು ಎರಡೂ ಕಾಲಿಗೆ ಒಂದೇ ದಪ್ಪ. ನಾನೇ ಈಜುಕೊಳದ ಹರಿದ ನೀಲಿ ಸ್ಪಂಜಿನ ತೇಲುಹಲಗೆ ತಂದು, ಅವಳ ಪಾದ ನನ್ನ ತೊಡೆಯ ಮೇಲಿಟ್ಟುಕೊಂಡು ಅಳೆದು, ಕತ್ತರಿಸಿ, ಅಂಚು ಕೀಳಬಾರದು ಅಂತ ಹೊಲಿದೆ, ಬೇರೆ ದಾರ ಇರಲಿಲ್ಲ, ಕೆಂಪೇ ಇದ್ದದ್ದು, ಹನ್ನೊಂದು ಹೊಲಿಗೆ. ಬಸ್ಸಲ್ಲಿ ಎಲ್ಲೋ ಬಿದ್ದುಹೋಯ್ತು ಕಣೇ ಅಂದಳು. ಇನ್ನೊಂದು ಹೊಲಿದುಕೊಟ್ಟೆ. ಅದೇ ತಿಂಗಳ ಹನ್ನೆರಡು, ಹದಿಮೂರು, ಹದಿನಾಲ್ಕನೇ ತಾರೀಖು, ಮೂರು ದಿನ ರಜ ಹಾಕಿದ್ದಳು, ಬುದ್ಧಿಹಲ್ಲು ಕೀಳಿಸಬೇಕು ಅಂತ, ಮೂರು ದಿನ ಅವಳ ಪಾಳಿಯನ್ನೂ ನಾನೇ ನಿಂತೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಬರುವಾಗ ಕೆನ್ನೆ ಹಿಡಿದುಕೊಂಡು ಬಂದಳು, ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನಿಸಿದೆ ಮುಂಡೇದಕ್ಕೆ. ಲಿಫ್ಟು ರಿಪೇರಿಯ ಕೆಲಸ ಅವನದು, ಆಗ ಹೊಸ ಲಿಫ್ಟಿನ ತರಬೇತಿ, ಬೇರೆ ಊರು ಅಂದಿದ್ದ. ಫೋನ್ ಮಾಡಿದ್ದ, ಲಗ್ನಪತ್ರಿಕೆಗೆ ಯಾವ ಬಣ್ಣ ಅಂತ ಕೇಳಲು, ಹಿಂದೆ ನೀರು ಸುರಿಯುವ ಸದ್ದು, ಏನದು ಅಂದೆ, ಹಾಸ್ಟೆಲಿನ ನಲ್ಲಿ ಸೋರ್ತಿದೆ ಅಂದ. ಇದೇ ಸದ್ದು. ಈ ಮರಗಳೇ. ಈ ಮಂಚದ ಮೇಲೆ ಕೂತುಕೊಂಡು, ಪಕ್ಕದಲ್ಲಿ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ, ಆಮೇಲೆ ನಾನು ಹಲೋ ಹಲೋ ಅಂದದ್ದನ್ನು ಮಾಡಿ ತೋರಿಸಿರುತ್ತಾಳೆ, ಮಾಡಿ ತೋರಿಸುವುದನ್ನು ಕಲಿತದ್ದು ನನ್ನಿಂದಲೇ ತಾನೇ, ಇನ್ನೊಂದ್ಸಲ ಮಾಡೇ ಅಂದಿರುತ್ತಾನೆ ಇವನು. ಮಾಡಿದ್ದುಣ್ಣೋ ಮಹರಾಯ.

ನಮ್ಮ ಹೋಟೆಲಿನ ಲಿಫ್ಟು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದ, ಹಾಗೇ ಪರಿಚಯ, ನನಗೂ ಪಿಟೀಲಿಗೂ ಒಂದೇ ದಿನ, ಅದೂ ನಿಜವೇ. ಮದುವೆಯಾಗೋಣ್ವಾ ಅಂತ ಕೇಳಿದ ದಿನ ಲಿಫ್ಟಿನ ತಲೆಯ ಮೇಲಿನ ಮೋಟರು ಕೋಣೆ ತೋರಿಸಿದ, ಗ್ರೀಸಿನ ವಾಸನೆ, ನೋಡು ಐದು ಹಗ್ಗ ಇವೆ, ಭಾರ ಹೊರೋಕೆ ಒಂದೇ ಸಾಕು, ಮಿಕ್ಕಿದ್ದು ಇರಲಿ ಅಂತ, ಒಂದನ್ನೇ ನಂಬೋನು ನಾನಲ್ಲ. ನಾನು ಎಂಥ ಜವಾಬ್ದಾರಿ ಅಂದುಕೊಂಡೆ, ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಈಗ ಕೇಳಬೇಕು, ನಾನು ಭಾರ ಹೊರುವ ಹಗ್ಗವೋ, ಇರಲಿ ಅಂತ ಇರುವ ಹಗ್ಗವೋ. ಮತ್ತೆ ಇದೇ ಜಾಗಕ್ಕೆ ಯಾಕೆ ಕರೆತಂದ? ಸೇಡಲ್ಲ, ಧೈರ್ಯವೂ ಅಲ್ಲ, ಸೋಮಾರಿತನ, ದಾರಿ ಗೊತ್ತಿತ್ತು, ಸ್ವಿಚ್ಚು ಗೊತ್ತಿತ್ತು. ಅದೇ ಹೊಟ್ಟೆ ಉರಿಯುವುದು. ಕಿರುಚಬಹುದು, ಪೆಟ್ಟಿಗೆ ಎತ್ತಿಕೊಂಡು ಹೋಗಬಹುದು, ನಾನು ಕೌಂಟರಿನಲ್ಲಿ ನಿಂತವಳು, ನನಗೆ ಕಿರುಚಲು ಬರುವುದಿಲ್ಲ, ನಗಲು ಬರುತ್ತದೆ. ಬಾಗಿಲ ಬಳಿ ಅವನ ಷೂ, ಕಾಡಿನ ನಡಿಗೆಗೆ ಅಂತ ಹೊಸದಾಗಿ ಕೊಂಡದ್ದು. ಎಡಗಡೆಯದರ ಒಳಗೆ, ಹಿಮ್ಮಡಿಯ ಜಾಗದಲ್ಲಿ, ಆ ಮೆತ್ತೆಯನ್ನು ನೀಟಾಗಿ ಇಟ್ಟೆ. ಕಾಲಿಡಲಿ. ನಿಲ್ಲಲಿ. ಮುಖ ಬಿಳುಪೇರಲಿ. ಆ ಮುಖ ನನಗೆ ಬೇಕು, ಅದೊಂದು ಸಿಕ್ಕಿದರೆ ಸಾಕು, ಅದನ್ನು ಹಿಡಿದುಕೊಂಡು ನಾನು ಹೋಗಲೂಬಲ್ಲೆ, ಇರಲೂಬಲ್ಲೆ.

ನೀರು ನಿಂತಿತು, ಒಳಗಿನದು. ಟವೆಲು, ಪೌಡರಿನ ವಾಸನೆ, ಒದ್ದೆ ಕಾಲಿನ ಗುರುತು. ರೀ, ಹೊತ್ತಾಯ್ತು, ಗೈಡು ಆಗ್ಲೇ ಬಂದಿದ್ದಾನೆ, ಅನ್ನುತ್ತೇನೆ, ಕೌಂಟರಿನ ದನಿಯಲ್ಲಿ. ಬಂದೆ ಬಂದೆ. ಜಿಗಣೆ ಹತ್ತದ ಹಾಗೆ ಹೋಟೆಲಿನವರು ಕೊಟ್ಟ ಉದ್ದದ ಕಾಲುಚೀಲ ಮೊಣಕಾಲಿನವರೆಗೆ ಎಳೆದುಕೊಳ್ಳುತ್ತಾನೆ, ಜಿಗಣೆ ಕಚ್ಚಿದ್ದು ಗೊತ್ತೇ ಆಗಲ್ಲವಂತೆ ಕಣೇ ಅನ್ನುತ್ತಾನೆ, ಹೌದಂತೆ ಅನ್ನುತ್ತೇನೆ. ಬಲಗಾಲು ಮೊದಲು. ಲೇಸು ಕಟ್ಟಿದ. ಎಡಗಾಲು ಹೋಗುತ್ತಿದೆ, ಹೋಯಿತು, ನಿಂತಿತು. ಈಗ. ಕೈ ಒಳಗೆ ಹಾಕಿ ಎಳೆದು ತೆಗೆದ, ಬೆಳಕಿಗೆ ಹಿಡಿದ, ತಿರುಗಿಸಿದ, ನೀಲಿ, ಕೆಂಪು ದಾರ, ನನ್ನನ್ನು ನೋಡಿದ. ಮುಖ ಬಿಳುಪೇರಲಿಲ್ಲ. ಅರಳಿತು. ನೀನೇ ಹೊಲಿದ್ಯಾ? ಹೌದು, ನಾನೇ ಹೊಲಿದಿದ್ದು. ನನ್ನ ಕಾಲು ನೋಯುತ್ತೆ ಅಂತಾನಾ, ಅಂದ, ಕೆನ್ನೆ ತಟ್ಟಿದ, ಇಂಥದ್ದೆಲ್ಲ ನಿನ್ನಿಂದ ಮಾತ್ರ ಸಾಧ್ಯ ಕಣೇ, ಅಂದ. ಮೂರು ದಿನ ಇದೇ ರೂಮಿನಲ್ಲಿ, ಅವಳ ಷೂ ಇದೇ ಬಾಗಿಲ ಬಳಿ, ಆ ಕಾಲು ಗಿಡ್ಡ ಅನ್ನುವುದೂ ಅವನ ಕಣ್ಣಿಗೆ ಬಿದ್ದಿಲ್ಲ, ಅವಳನ್ನೂ ನೋಡಿಲ್ಲ ಇವನು, ಪಿಟೀಲೇ, ನಿನ್ನನ್ನೂ ನೋಡಿಲ್ಲವಲ್ಲೇ, ನಗು ಬರಬೇಕಿತ್ತು, ಬರುತ್ತಿಲ್ಲ. ಎದ್ದು ನಿಂತು ಎರಡು ಸಲ ಕುಣಿದು ನೋಡಿದ, ಮೆತ್ತಗಿದೆ, ಸರಿಯಾಗಿ ಕೂತಿದೆ. ನಡಿ ಅಂದ. ಮುಂದೆ ಹೋಗುತ್ತಿದ್ದಾನೆ, ಎಡ, ಬಲ, ಒಂದು ಚೂರು ಕುಂಟಿದ ಹಾಗೆ, ಒಂದು ಕಾಲು ಬೆರಳಷ್ಟು ಎತ್ತರವಾಗಿ, ಅವಳು ಬರಿಗಾಲಲ್ಲಿ ನಡೆಯುವ ಹಾಗೇ, ನಾನು ಹಿಂದೆ, ಎಲೆಗಳಿಂದ ನೀರು, ಎಡ, ನೀಲಿ, ಎಡ, ಕೆಂಪು ದಾರ, ಒಂದು ಹೊಲಿಗೆ, ಎರಡು ಹೊಲಿಗೆ, ಹನ್ನೊಂದು, ಎಡ, ನಡುವೆ ಅವಳ ಹಿಮ್ಮಡಿಯ ಗುಂಡಿ, ಅದರೊಳಗೆ ಅವನ ಹಿಮ್ಮಡಿ, ಸರಿಯಾಗಿ ಕೂತಿದೆ, ಎಡ, ಅವಳ ಹಿಮ್ಮಡಿಯ ಗುಂಡಿ, ಎಡ, ಆ ಗುಂಡಿ