ಭಾನುವಾರದ ಐಚ್ಛಿಕ ವಿಷಯ

"ಅಂಗಡಿ ನಿರ್ವಹಣೆ ಭರ್ತಿ ಆಗೋಯ್ತು ಅಕ್ಕಾ," ಎಂದು ಹಿಂದಿನ ಬೆಂಚಿನಿಂದ ಸಹಪಾಠಿ ಶಿ ಮುಂದಕ್ಕೆ ಬಗ್ಗಿ ಹೇಳಿದ. "ನಾವು ಮೊಬೈಲ್ ತೆಗೆಯೋದ್ರೊಳಗೆ ಎಲ್ಲಾ ಸೀಟೂ ಹೋಯ್ತು. ಮೂವತ್ತು ವರ್ಷ ಅಂಗಡಿ ನಡೆಸಿದೋರು ಅಂಗಡಿ ನಡೆಸೋದು ಹೇಗೆ ಅಂತ ಕಲೀತಾರಂತೆ, ನೋಡಿ."

"ಕಲಿಯೋಕಲ್ಲಪ್ಪ, ಸುಮ್ನೆ ಕೂರೋಕೆ," ಎಂದಳು ಶ್ಯೂ-ಲ್ವಾನ್.

ಅವಳೂ ಅದಕ್ಕೇ ಆ ವಿಷಯದ ಮೇಲೆ ಕಣ್ಣಿಟ್ಟಿದ್ದಳು. ಚಾಂಗ್‌ಹ್ವಾ ಊರಿನ ಆ ಕಾಲೇಜಿನ ದೃಷ್ಟಿಪರೀಕ್ಷಕರ ಭಾನುವಾರದ ತರಗತಿಗೆ ಬರುವವರೆಲ್ಲ ಅವಳಂಥವರೇ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು ಕಾಲು ಊದಿಸಿಕೊಂಡವರು, ಹೊಸ ಕಾನೂನು ಬಂದು, ಕೆಲವು ವರ್ಷದ ಗಡುವು ಮುಗಿದ ಮೇಲೆ ಪರವಾನಗಿ ಇಲ್ಲದೆ ಯಾರ ಕಣ್ಣನ್ನೂ ಮುಟ್ಟುವಂತಿಲ್ಲ ಎಂದಾದ ಮೇಲೆ ನಡುವಯಸ್ಸಿನಲ್ಲಿ ಮತ್ತೆ ಚೀಲ ಹೆಗಲಿಗೇರಿಸಿದವರು. ಈ ಸಲ ಮೂರು ಐಚ್ಛಿಕ ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಅಂಗಡಿ ನಿರ್ವಹಣೆಯಲ್ಲಿ ಸೀಟಿಲ್ಲ. ಕ್ರೀಡಾಪಟುಗಳ ದೃಷ್ಟಿ ಎನ್ನುವುದರಲ್ಲಿ ಚೆಂಡು ಹಿಡಿಯಲು ಓಡಾಡಬೇಕಂತೆ. ಬಲಭುಜ ನೋವಿನಿಂದ ಬಿಗಿದುಕೊಂಡಿದ್ದ ಅವಳಿಂದ ಆಗದ ಮಾತು. ಉಳಿದದ್ದು ಮಂದದೃಷ್ಟಿಯವರ ಆರೈಕೆ. ಅವಳು ಮೊಬೈಲಿನಲ್ಲಿ ಅದನ್ನೇ ಒತ್ತಿದಳು. ಶಿ ಕೂಡ ಒತ್ತಿದ. ಅವನು ಲೂಗಾಂಗ್ ಊರಿನ ಕನ್ನಡಕದ ಅಂಗಡಿಕಾರ, ಹರಟೆಗೆ ಜೊತೆ ಬೇಕಾದವನು.

ಈ ಓದು ಅವಳ ಪಾಲಿಗೆ ಬಂದದ್ದು ಗಂಡ ಜಿನ್-ಮುವಿನಿಂದ. ಯ್ವಾನ್‌ಲಿನ್ ಊರಿನ ಮಾರುಕಟ್ಟೆಯ ಹಿಂದಿನ ಬೀದಿಯ ಅವರ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಿದ್ದವನು ಅವನು. ಇವಳು ಗಿರಾಕಿಗಳಿಗೆ ಫ್ರೇಮು ತೋರಿಸಿ, ಟೀ ಕೊಟ್ಟು, ಮಾತಾಡಿಸುತ್ತಿದ್ದವಳು. ಹಳಬರಿಗೆಂದು ಸರ್ಕಾರ ನಡೆಸಿದ ವಿಶೇಷ ಪರವಾನಗಿ ಪರೀಕ್ಷೆಗೆ ಅವನು ಮೂರು ಸಲ ಹೋಗಿಬಂದ, ಮೂರು ಸಲವೂ ಫೇಲಾದ. ಮತ್ತೊಂದು ಸಲ ಕೂರು ಎಂದರೆ ಮೊಣಕಾಲು ನೋವು, ಈ ವಯಸ್ಸಲ್ಲಿ ತಲೆಗೆ ಹತ್ತಲ್ಲ, ಏನೇನೋ ನೆಪ. ನಿನಗೆ ಸೋಮಾರಿತನ ಎಂದು ಅವಳು ಒಂದು ದಿನ ಗಿರಾಕಿಗಳ ಮುಂದೆಯೇ ಹೇಳಿಬಿಟ್ಟಳು. ಅವನು ಮಸೂರ ಒರೆಸುತ್ತ ಕೂತ. ಆ ವಾರವೇ ಅವಳು ಕಾಲೇಜಿಗೆ ಅರ್ಜಿ ಹಾಕಿದಳು. ಅಲ್ಲಿಂದ ಅವಳಿಗೆ ರಜೆ ಎಂಬ ದಿನವೇ ಉಳಿಯಲಿಲ್ಲ.

ಮಂದದೃಷ್ಟಿಯ ತರಗತಿ ತೆಗೆದುಕೊಳ್ಳುತ್ತಿದ್ದ ಯೋ ಮೇಡಂ ಇನ್ನೂ ಚಿಕ್ಕ ಹುಡುಗಿ. ಮೊದಲ ಪಾಠದಲ್ಲೇ ಎಲ್ಲರಿಗೂ ರಟ್ಟಿನ ಕನ್ನಡಕ ಹಂಚಿದಳು. ಗಾಜಿನ ಜಾಗದಲ್ಲಿ ಕಪ್ಪು ಕಾಗದ, ನಟ್ಟ ನಡುವೆ ಕಡಲೆಕಾಳಿನಷ್ಟು ತೂತು. ಅಂಚಿನ ನೋಟ ಹೋದವರಿಗೆ ಲೋಕ ಹೀಗಿರುತ್ತದೆ, ಹಾಕಿಕೊಂಡು ಕೆಳಗಿನ ಕ್ಯಾಂಟೀನಿನಿಂದ ಟೀ ತನ್ನಿ ಎಂದಳು.

ಶಿ ಮೊದಲ ತಿರುವಿನಲ್ಲೇ ಕಸದ ಡಬ್ಬಿಗೆ ನಮಸ್ಕಾರ ಹೇಳಿ ಎಲ್ಲರನ್ನೂ ನಗಿಸಿದ. ಶ್ಯೂ-ಲ್ವಾನ್ ಗೋಡೆ ಹಿಡಿದು ನಡೆದಳು. ನೇರ ಎದುರಿಗಿದ್ದದ್ದೆಲ್ಲ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕ್ಯಾಂಟೀನಿನ ಬೋರ್ಡಿನ ಸಣ್ಣ ಅಕ್ಷರವನ್ನೂ ಓದಿದಳು. ಆದರೆ ಮೆಟ್ಟಿಲಿಳಿಯುವಾಗ ತನ್ನ ಪಾದವೇ ಕಾಣಲಿಲ್ಲ. ಯಾರೋ ಪಕ್ಕದಿಂದ ಹೆಸರು ಕರೆದರೆ ಇಡೀ ಕತ್ತನ್ನೇ ಹೊರಳಿಸಬೇಕಾಯಿತು, ಕೊಕ್ಕರೆ ಹೊರಳಿಸಿದ ಹಾಗೆ. ಮೇಜಿನ ಮೇಲಿದ್ದ ಲೋಟ ಕೈತಾಗಿ ಉರುಳಿತು. "ಯಾರಿದನ್ನ ಇಲ್ಲಿಟ್ಟಿದ್ದು?" ಎಂಬ ಮಾತು ಅವಳ ಬಾಯಿಂದ ತಾನಾಗಿ ಹೊರಟಿತು.

ಆ ಮಾತು ಅವಳದ್ದಲ್ಲ. ಮನೆಯಲ್ಲಿ ದಿನಕ್ಕೊಂದು ಸಲವಾದರೂ ಜಿನ್-ಮು ಆಡುವ ಮಾತು. ಅವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಚೆಲ್ಲಿದ ಟೀ ಮೇಜಿನಂಚಿನಿಂದ ತೊಟ್ಟಿಕ್ಕುವುದನ್ನು ನೋಡುತ್ತ ನಿಂತಳು. ಕರೆದರೆ ಮೈಯೆಲ್ಲ ತಿರುಗಿಸಿ ನೋಡುವವನು. ಸಂಜೆಯಾದ ಮೇಲೆ ಸ್ಕೂಟರ್ ಮುಟ್ಟುವುದನ್ನು ಬಿಟ್ಟವನು. ಎಡಗಡೆ ಬಡಿಸಿದ ಪಲ್ಯ ಹಾಗೇ ಬಿಟ್ಟು ಏಳುವವನು. ನನ್ನ ಅಡುಗೆ ಬೇಜಾರಾಗಿದೆಯೇನೋ ಎಂದು ಅವಳು ಸಿಟ್ಟಾಗಿದ್ದುಂಟು.

ಮನೆಗೆ ಹೋಗಿ ಕೇಳಲಿಲ್ಲ. ಕೇಳಲು ತ್ರಾಣವೂ ಇರಲಿಲ್ಲ. ಅವನ ಕಣ್ಣಿಗೇನೂ ಆಗಿರಲಾರದು, ದಣಿದ ತಲೆಗೆ ಎಲ್ಲವೂ ಹಾಗೆ ತೋರುತ್ತದೆ ಎಂದುಕೊಂಡು ವಾರ ದೂಡಿದಳು. ಅಷ್ಟರಲ್ಲಿ ಮೇಡಂ ಮುಂದಿನ ಭಾನುವಾರದ ಅಭ್ಯಾಸಕ್ಕೆಂದು ಐವತ್ತು ದಾಟಿದ ಒಬ್ಬರನ್ನು ಮನೆಯಿಂದ ಕರೆತರಲು ಹೇಳಿದಳು. ಪಕ್ಕದ ನೋಟವನ್ನು ಬರಿಗೈಯಲ್ಲಿ ಪರೀಕ್ಷಿಸುವುದು ಆ ದಿನದ ಪಾಠ.

ಜಿನ್-ಮು ಒಪ್ಪಲಾರ ಎಂದೇ ಅವಳು ಎಣಿಸಿದ್ದಳು. ಆದರೆ ಅವನು ಬರ್ತೀನಿ ನಡಿ ಎಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಹೊರಟ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವಳ ತೋಳು ಬಿಡಲಿಲ್ಲ. ಜನ ಜಾಸ್ತಿ ಎಂದ. ಜನ ಅಷ್ಟೇನೂ ಇರಲಿಲ್ಲ.

ಅಭ್ಯಾಸದ ಕೋಣೆಯಲ್ಲಿ ಜೋಡಿಗೊಂದರಂತೆ ಪರದೆ ಎಳೆದಿದ್ದರು. ಪಕ್ಕದ ಪರದೆಯಾಚೆ ಶಿ ತನ್ನ ಅತ್ತೆಯನ್ನು ಕೂರಿಸಿಕೊಂಡಿದ್ದ. ನಿನ್ನ ಮೂಗನ್ನೇ ಯಾಕೆ ನೋಡಬೇಕು, ನೋಡೋಂಥ ಮೂಗೇನಲ್ಲ ಎಂದು ಆ ಮುದುಕಿ ಅಳಿಯನನ್ನು ದಬಾಯಿಸುತ್ತಿದ್ದಳು. ಶ್ಯೂ-ಲ್ವಾನ್ ಗಂಡನ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುರ್ಚಿ ಎಳೆದುಕೊಂಡಳು. ಒಂದು ಕಣ್ಣು ಮುಚ್ಚು, ನನ್ನ ಮೂಗನ್ನೇ ನೋಡು, ನನ್ನ ಬೆರಳು ಪಕ್ಕದಿಂದ ಬಂದದ್ದು ಕಂಡ ತಕ್ಷಣ ಹೇಳು ಎಂದಳು.

ಅವನು ಎಡಗಣ್ಣಿಗೆ ಅಂಗೈ ಮುಚ್ಚಿ ಕೂತ. ಅವಳು ಕೈಚಾಚಿ ಬೆರಳನ್ನು ಮೆಲ್ಲಗೆ ಒಳಗೆ ತಂದಳು. "ಕಾಣ್ತು," ಎಂದ. ಇನ್ನೊಂದು ಕಡೆಯಿಂದ. "ಕಾಣ್ತು." ಮೇಲಿನಿಂದ, ಕೆಳಗಿನಿಂದ. ಎಲ್ಲಕ್ಕೂ ಹೇಳಬೇಕಾದ ಹೊತ್ತಿಗೆ ಸರಿಯಾಗಿಯೇ ಹೇಳಿದ. ಅವಳ ಎದೆಯಿಂದ ಕಲ್ಲು ಇಳಿದಂತಾಯಿತು. ಇಷ್ಟು ದಿನ ಸುಮ್ಮನೆ ಜೀವ ತೇಯ್ದುಕೊಂಡೆನಲ್ಲ ಎನ್ನಿಸಿತು. ಎಡಗಣ್ಣನ್ನೂ ನೋಡಿ ಮುಗಿಸೋಣವೆಂದು ಬಲಗಣ್ಣನ್ನು ಮುಚ್ಚಿಸಿದಳು. ಒಂದೆರಡು ಸಲ ಕೈ ಎತ್ತುವಷ್ಟರಲ್ಲಿ ಭುಜ ಸಿಡಿಯತೊಡಗಿತು. ಸ್ವಲ್ಪ ಸುಧಾರಿಸಿಕೊಳ್ಳಲು ಕೈಯಿಳಿಸಿ ಮಡಿಲಲ್ಲಿಟ್ಟುಕೊಂಡಳು.

"ಹೂಂ, ಕಾಣ್ತು," ಎಂದ ಜಿನ್-ಮು.

ಅವಳು ಅಲುಗಾಡಲಿಲ್ಲ. ಅವನು ಅವಳ ಮೂಗನ್ನೇ ನೋಡುತ್ತ ಕೂತಿದ್ದ, ಫೋಟೋ ತೆಗೆಸಿಕೊಳ್ಳುವವನಂತೆ.

"ಕಾಣ್ತು," ಎಂದ ಮತ್ತೊಮ್ಮೆ.

"ನನ್ನ ಕೈ ಮಡಿಲಲ್ಲಿದೆ," ಎಂದಳು ಅವಳು.

ಅವನು ಕಣ್ಣಿನ ಮೇಲಿನ ಅಂಗೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪರದೆಯಾಚೆ ಮುದುಕಿ ಏನೋ ಹೇಳಿ ತಾನೇ ನಕ್ಕಳು.

"ಯಾವಾಗಿಂದ?"

"ಎರಡನೇ ಪರೀಕ್ಷೆಗಿಂತ ಮುಂಚೆಯಿಂದ." ಅವನ ದನಿ ಗಿರಾಕಿಗೆ ಕನ್ನಡಕದ ನಂಬರು ಹೇಳುವ ದನಿಯಂತೆಯೇ ಇತ್ತು. "ಪ್ರಶ್ನೆ ಓದಿ ಉತ್ತರಕ್ಕೆ ಗುರುತು ಹಾಕೋಕೆ ಹೋದ್ರೆ ಸಾಲೇ ತಪ್ಪೋಗ್ತಿತ್ತು. ಮೂರನೇ ಸಲ ಒಳಗೇ ಹೋಗ್ಲಿಲ್ಲ. ಸ್ಟೇಷನ್ನಲ್ಲಿ ಕೂತು ಊಟ ಮಾಡ್ಕೊಂಡು ಬಂದೆ."

"ನಾನು ಸೋಮಾರಿ ಅಂದೆ. ಅಷ್ಟು ಜನರ ಮುಂದೆ."

"ಅಂದ್ರೆ ಅನ್ಲಿ ಅಂತ ಬಿಟ್ಟೆ. ಕನ್ನಡಕದಂಗಡಿ ಕುರುಡ ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ."

"ನಿನಗೆ ವಾಸಿ. ನನಗೆ?" ಎಂದಳು ಶ್ಯೂ-ಲ್ವಾನ್. "ಡಾಕ್ಟರ ಹತ್ರ ಅವತ್ತೇ ಹೋಗಿದ್ರೆ ಅಷ್ಟಾದ್ರೂ ಉಳೀತಿತ್ತು. ನಿನಗೆ ಗೊತ್ತಿತ್ತು. ಬೇರೆಯೋರಿಗೆ ಹೇಳ್ತಿದ್ದೆಯಲ್ಲ, ತಡ ಮಾಡ್ಬೇಡಿ, ಹೋಗಿ ತೋರಿಸ್ಕೊಳ್ಳಿ ಅಂತ."

"ಹೇಳ್ತಿದ್ದೆ," ಎಂದ ಅವನು. "ಇವತ್ತು ಬಂದೆನಲ್ಲ. ನೀನೇ ಕಂಡುಹಿಡೀಲಿ ಅಂತ ಬಂದೆ. ನಾನಾಗಿ ಹೇಳೋಕೆ ಆಗ್ಲಿಲ್ಲ. ಇಲ್ಲಿ ಬಂದು ಕೂತ್ರೆ, ಮತ್ತೆ ಅದೇ ಬುದ್ಧಿ, ಬೆರಳು ಬರೋ ಹೊತ್ತು ಲೆಕ್ಕ ಹಾಕಿ ಸುಳ್ಳು ಹೇಳ್ಬಿಟ್ಟೆ."

ಯೋ ಮೇಡಂ ಪರದೆ ಸರಿಸಿ ಇಣುಕಿದಳು. ಹೇಗಾಯಿತು, ಅಂಕಲ್ ನೋಟ ಹೇಗಿದೆ ಎಂದು ನಗುತ್ತ ಕೇಳಿದಳು. ಜಿನ್-ಮು ಅಂಗಿಯ ಗುಂಡಿ ನೋಡಿಕೊಳ್ಳತೊಡಗಿದ. ಶ್ಯೂ-ಲ್ವಾನ್ ಎದ್ದು ನಿಂತಳು.

"ಎಡಗಣ್ಣಿಗೆ ಪಕ್ಕದ ನೋಟ ಇಲ್ಲ ಮೇಡಂ," ಎಂದಳು. "ಬಲಗಣ್ಣು ಇನ್ನೊಂದ್ಸಲ ನೋಡ್ಬೇಕು. ಸರಿಯಾಗಿ ನೋಡಿಲ್ಲ."

ಹುಡುಗಿಯ ನಗು ಆರಿತು. ಅವಳು ಒಳಬಂದು ಪರದೆ ಮುಚ್ಚಿದಳು.

ಮಾರನೆಯ ದಿನವೇ ಆಸ್ಪತ್ರೆಗೆ ಹೋದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸೊರಗಿದೆ ಎಂದರು ಡಾಕ್ಟರು. ಹೋದದ್ದು ಮರಳಿ ಬಾರದು, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದೂ ಹೇಳಿದರು. ಕಣ್ಣಿಗೆ ಹನಿಸುವ ಎರಡು ಬಗೆಯ ಔಷಧಿ ಬರೆದುಕೊಟ್ಟರು. ಅವನು ತಾನೇ ಹಾಕಿಕೊಳ್ಳಲು ಹೋದರೆ ಹನಿ ಕೆನ್ನೆಗೆ ಬೀಳುತ್ತಿತ್ತು. ಹಾಗಾಗಿ ಬೆಳಿಗ್ಗೆ ಅಂಗಡಿ ಬಾಗಿಲೆತ್ತುವ ಮುಂಚೆ ಅವನು ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಹಾಕಿ ಕೂರುವುದು, ಅವಳು ರೆಪ್ಪೆ ಬಿಡಿಸಿ ಹಾಕುವುದು ರೂಢಿಯಾಯಿತು. ಮೊದಮೊದಲು ಸಿಟ್ಟಿನಿಂದ ಕೊಂಚ ಬಿರುಸಾಗಿಯೇ ರೆಪ್ಪೆ ಎಳೆಯುತ್ತಿದ್ದಳು. ಆಮೇಲೆ ಸಿಟ್ಟು ಮಾಡುವುದಕ್ಕೂ ಬೇಸರ ಬಂತು.

ಕಣ್ಣು ಪರೀಕ್ಷೆಗೆ ಬಂದವರನ್ನು ಬೀದಿಯ ತುದಿಯ ದೊಡ್ಡ ಅಂಗಡಿಗೆ ಕಳಿಸತೊಡಗಿದರು. ಅವಳಿಗೆ ಪರವಾನಗಿ ಸಿಗುವ ತನಕ ಹೀಗೇ ಎಂದು ಇಬ್ಬರೂ ತೀರ್ಮಾನಿಸಿದ್ದರು. ಯಾಕೆ ಎಂದು ಕೇಳಿದವರಿಗೆ ಜಿನ್-ಮು ತಾನೇ ಹೇಳಿದ: ನನ್ನ ಕಣ್ಣು ಹೋಗ್ತಾ ಇದೆ, ನನ್ನ ಮಾತು ನಂಬಬೇಡಿ. ಕೆಲವರು ತಮಾಷೆ ಎಂದುಕೊಂಡು ನಕ್ಕರು. ಫ್ರೇಮಿನ ಕಡ್ಡಿ ಬಿಸಿ ಮಾಡಿ ಬಗ್ಗಿಸುವುದು, ತಿರುಪು ಕೂರಿಸುವುದು ಅವನ ಕೈಯಲ್ಲೇ ಉಳಿಯಿತು. ಭಾನುವಾರ ಅಂಗಡಿ ಮುಚ್ಚಿದರು. ಒಬ್ಬನೇ ಮನೆಯಲ್ಲಿ ಏನು ಮಾಡಲಿ ಎಂದು ಅವನೂ ಅವಳ ಜೊತೆ ಬಸ್ಸು ಹತ್ತುತ್ತಿದ್ದ. ಅವಳು ತರಗತಿಯಲ್ಲಿರುವಾಗ ಕಾಲೇಜಿನ ಅಂಗಳದಲ್ಲಿ ಸುತ್ತಾಡಿ, ಕಾವಲುಗಾರನ ಜೊತೆ ಹರಟಿ, ಸಂಜೆಗೆ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ.

ಐಚ್ಛಿಕ ವಿಷಯದ ಕೊನೆಯ ಪರೀಕ್ಷೆ ಬರೆದು ಅವಳು ಹೊರಬಂದಾಗ ಬಿಸಿಲು ಇಳಿದಿತ್ತು. ಚೆನ್ನಾಗಿ ಬರೆದೆನೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಜಿನ್-ಮು ನಿಲ್ದಾಣದ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ. ತೊಡೆಯ ಮೇಲೊಂದು ಕಾಗದದ ಪೊಟ್ಟಣ, ಅದರೊಳಗೆ ಹೆಚ್ಚಿದ ಸೀಬೆಹಣ್ಣು. ಅರ್ಧ ತಿಂದಿದ್ದ, ಅರ್ಧ ಬಿಟ್ಟಿದ್ದ. ಅವಳು ಅವನ ಬಲಗಡೆ ಕೂತು, ಚಪ್ಪಲಿ ಕಳಚಿ, ತಣ್ಣಗಿನ ಸಿಮೆಂಟಿನ ಮೇಲೆ ಪಾದ ಊರಿದಳು. ಒಂದು ಹೋಳು ತೆಗೆದು ಬಾಯಿಗಿಟ್ಟುಕೊಂಡಳು.

ಯ್ವಾನ್‌ಲಿನ್ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಚಾಲಕ ಇವರತ್ತ ನೋಡಿದ. ಅವಳು ತೂಕಡಿಸುತ್ತಿದ್ದ ಗಂಡನ ಮುಖ ನೋಡಿ, ಎಬ್ಬಿಸದೆ, ನೀನು ಹೋಗು ಎಂದು ಚಾಲಕನಿಗೆ ಕೈಸನ್ನೆ ಮಾಡಿದಳು. ಬಾಗಿಲು ಮುಚ್ಚಿಕೊಂಡಿತು.