ಕೆಮ್ಮು ನುಂಗಿದ ಮನೆ

ಹೂಲಿಯ ಗುರುಬಸವ್ವನದು ಜೋರು ಬಾಯಿ ಎಂದು ಓಣಿಗೆಲ್ಲ ಗೊತ್ತು. ಸಂತೆಯಲ್ಲಿ ಮೆಣಸಿನಕಾಯಿ ತೂಗುವವನ ನೀರಿಳಿಸಿದವಳು, ಬಸ್ಸಿನ ಕಂಡಕ್ಟರನನ್ನೇ ಗದರಿಸಿ ಸೀಟು ಗಿಟ್ಟಿಸಿಕೊಂಡವಳು. ಅಂಥವಳಿಗೆ ಭಾವ ಅಂದಾನೆಪ್ಪನವರು ಪಡಸಾಲೆಯಲ್ಲಿ ಬಂದು ಕೂತರೆ ಮಾತ್ರ ಗಂಟಲೇ ಇಲ್ಲ. ಗಂಡನ ಅಣ್ಣ, ಮನೆಗೆ ಹಿರಿಯರು. ಅವರೆದುರು ತಲೆಯ ಮೇಲಿನ ಸೆರಗು ಜಾರಬಾರದು, ದನಿ ಏರಬಾರದು, ಕೆಮ್ಮು ಬಂದರೆ ಸೆರಗು ಬಾಯಿಗಿಟ್ಟು ನುಂಗಬೇಕು. ಕ್ಯಾಕರಿಸಿ ಉಗುಳುವುದಂತೂ ದೂರದ ಮಾತು. ಗಂಡ ತೀರಿಹೋದರೂ ಈ ರಿವಾಜು ತೀರಲಿಲ್ಲ. ಸೊಸೆ ಮೀನಾ ಮನೆಗೆ ಬಂದಾಗ ಗುರುಬಸವ್ವ ಅವಳಿಗೂ ಅದನ್ನೇ ಕಲಿಸಿದಳು.

ಖಡಕ್ ರೊಟ್ಟಿ ಬಡಿದು ಸವದತ್ತಿಯ ಖಾನಾವಳಿಗಳಿಗೆ ಕಳಿಸುವುದು ಈ ಮನೆಯ ಹೆಂಗಸರ ಕಸುಬು. ಗ್ಯಾಸಿನ ಮೇಲೆ ಸುಟ್ಟರೆ ಆ ರುಚಿ ಬರುವುದಿಲ್ಲವೆಂದು ಖಾನಾವಳಿಯವರ ತಕರಾರು, ಹಾಗಾಗಿ ಹಿತ್ತಲ ಕೋಣೆಯಲ್ಲಿ ಹತ್ತಿಕಟ್ಟಿಗೆಯ ಒಲೆ. ಗಾಳಿಗೆ ಉರಿ ಹೊಯ್ದಾಡುತ್ತದೆಂದು ಕಿಟಕಿ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ವರ್ಷಗಟ್ಟಲೆ ಆ ಒಲೆಯ ಮುಂದೆ ಕೂತವಳು ಗುರುಬಸವ್ವ. ನಾಲ್ಕು ಹೆಜ್ಜೆಗೆ ಏದುಸಿರು ಬರತೊಡಗಿದ ಮೇಲೆ ಎದ್ದಳು, ಆ ಜಾಗದಲ್ಲಿ ಮೀನಾ ಕೂತಳು.

ಹೀಗಿರುವಾಗ ಬೆಳಗಾವಿಯಿಂದ ಐಶ್ವರ್ಯಾ ಎಂಬ ಹುಡುಗಿ ಡಾಕ್ಟರು ಊರಿಗೆ ಬಂದರು. ಹೊಗೆಯಲ್ಲಿ ದುಡಿಯುವ ಹೆಂಗಸರ ಕಫ ತಪಾಸಣೆ ಮಾಡುವವರಂತೆ. ಸಮುದಾಯ ಭವನದಲ್ಲಿ ಎಲ್ಲರನ್ನೂ ಕೂರಿಸಿ ತಿಳಿಸಿ ಹೇಳಿದರು.

"ಹಂಚಿನ ಮ್ಯಾಲಿನ ರೊಟ್ಟಿಗಿ ಅರಿವಿಲೆ ನೀರ ಸವರತೀರಲ್ಲರಿ, ಹೊತ್ತಬಾರದು ಅಂತ? ಉಸರಿನ ಕೊಳವಿ ಒಳಗಿನ ಜೀವಕೋಶನೂ ಹಂಗ ಒಂದು ಪ್ರೋಟೀನ್ ಸವರತಾವ. ಹೊಗಿ ಕುಡದು ಕುಡದು ಆ ಕೋಶ ಸತ್ತವು ಅಂದ್ರ ಪ್ರೋಟೀನ್ ಕಡಿಮಿ ಆಗತೈತಿ. ಕಫದಾಗ ಅದು ಎಷ್ಟೈತಿ ನೋಡಿದ್ರ, ಪುಪ್ಪುಸ ಎಷ್ಟು ಕೆಟ್ಟೈತಿ ಅಂತ ತಿಳೀತೈತ್ರಿ."

ಅದೇ ಪ್ರೋಟೀನನ್ನು ಔಷಧಿ ಮಾಡಿ, ಉಸಿರಿನ ಜೊತೆ ಒಳಗೆಳೆದುಕೊಳ್ಳುವಂತೆ ಕೊಟ್ಟು ನೋಡುತ್ತಿದ್ದಾರಂತೆ. ಇನ್ನೂ ಪರೀಕ್ಷೆಯ ಹಂತದಲ್ಲಿದೆ, ತೀರಾ ಕಡಿಮೆ ಇದ್ದವರನ್ನಷ್ಟೇ ಅದಕ್ಕೆ ಸೇರಿಸಿಕೊಳ್ಳುತ್ತಾರಂತೆ. ಗುರುಬಸವ್ವನಿಗೆ ಅಷ್ಟು ಸಾಕಾಯಿತು. ಜೀವದ ಆಸೆ ಯಾರಿಗಿಲ್ಲ?

ಆದರೆ ಡಬ್ಬಿ ಕೈಗೆ ಕೊಟ್ಟು, ಆಳದಿಂದ ಕೆಮ್ಮಿ ಉಗುಳಿರಿ ಅಂದಾಗ ಕುತ್ತಿಗೆಗೆ ಬಂತು. ಭವನದ ಕಟ್ಟೆಯ ಮೇಲೆಯೇ ಊರ ಹಿರಿಯರು, ಅವರ ನಡುವೆ ಭಾವ. ಗುರುಬಸವ್ವ ಸೊಸೆಯನ್ನು ಗೋಡೆಯ ಹಿಂದಕ್ಕೆ ಎಳೆದಳು.

"ಭಾವಾರಿಗಿ ಕೇಳೂ ಹಂಗ ಕೆಮ್ಮಾಕ ನನ್ನ ಕಡಿಂದ ಆಗೂದಿಲ್ಲವಾ, ದೂರ ಹೋಗಾಕ ಉಸರಿಲ್ಲ. ನಂದು ಬರೇ ಎಂಜಲಾ ಬರಾಕತ್ತೈತಿ. ನೀನ ಒಂದೀಟು ತಗದುಕೊಡು. ಒಂದ ಮನಿ, ಒಂದ ಒಲಿ, ಕಫದಾಗ ಏನ ಭೇದ?"

ಮೀನಾ ಅತ್ತೆಯ ಮುಖ ನೋಡಿದಳು. ದೂರದ ಬೇವಿನ ಮರದಾಚೆ ಹೋಗಿ, ಡಬ್ಬಿ ತುಂಬಿಸಿ ತಂದಳು. ಅದರ ಮೇಲೆ ಗುರುಬಸವ್ವನ ಹೆಸರು ಬಿತ್ತು. ಮೀನಾಳ ಕಫವನ್ನೂ ಡಾಕ್ಟರು ಕೇಳಿದರೆ, ತನಗೇನೂ ಆಗಿಲ್ಲವೆಂದು ನಕ್ಕು ಮನೆಗೆ ಹೋದಳು. ರೊಟ್ಟಿ ಆರ್ಡರು ಕಾಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಮನೆಗೇ ಬಂದರು. ಅಂದಾನೆಪ್ಪನವರು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಗುರುಬಸವ್ವ ಕಂಬದ ಮರೆಯಲ್ಲಿ, ಸೆರಗು ಹಣೆಗೆಳೆದುಕೊಂಡು.

"ಅಮ್ಮಾರ, ನಿಮ್ಮದು ಭಾಳ ಕಡಿಮಿ ಬಂದೈತ್ರಿ," ಅಂದರು ಐಶ್ವರ್ಯಾ. "ಔಷಧಕ್ಕ ನಿಮ್ಮನ್ನ ತಗೋತೀವಿ. ಬೆಳಗಾವಿಗಿ ಬರಬೇಕಾಗತೈತಿ."

ಗುರುಬಸವ್ವನ ಎದೆ ಹಗುರಾಯಿತು. ನಾಚಿಕೆಗೇಡು ಅನ್ನಿ, ಏನಾದರೂ ಅನ್ನಿ, ಮೊದಲು ಆದದ್ದು ಖುಷಿಯೇ.

"ಆದ್ರ ಇವತ್ತಿಂದ ಹೊಗಿ ಮುಂದ ಕುಂದ್ರೂದು ಬಂದ್. ಇದು ಸಣ್ಣ ಮಾತಲ್ಲ. ಒಳಗ ಸುಟ್ಟಂಗ ಆಗೇತಿ. ಹಿಂಗ ಕುಂತ್ರ ಆಮ್ಯಾಲೆ ಯಾವ ಔಷಧನೂ ಹತ್ತೂದಿಲ್ಲರಿ."

"ಆಕಿ ಈಗ ಒಲಿ ಮುಂದ ಕುಂದ್ರೂದಿಲ್ಲರಿ," ಅಂದರು ಅಂದಾನೆಪ್ಪನವರು. "ಸೊಸಿ ಕುಂದರತಾಳ."

ಹಿತ್ತಲ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಸಮ ಬರುತ್ತಿತ್ತು. ನಡುವೆ ತಟ್ಟನೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಶುರುವಾಯಿತು. ಗುರುಬಸವ್ವನಿಗೆ ಆ ಮೌನ ಚೆನ್ನಾಗಿ ಗೊತ್ತು. ಸೆರಗು ಬಾಯಿಗಿಟ್ಟು ಕೆಮ್ಮು ನುಂಗುವಷ್ಟು ಹೊತ್ತು ಅದು. ತಾನೇ ಕಲಿಸಿದ್ದು. ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಅದು ಕೇಳಿಸಿರಲಿಲ್ಲ.

ಮೀನಾ ಚಹಾ ತಂದಳು. ಕಣ್ಣು ಕೆಂಪಗಿದ್ದವು. ಇನ್ನೂ ಮೂವತ್ತು ದಾಟದ ಹುಡುಗಿ.

"ಡಾಕ್ಟರ್ ಬಾಯಾರ," ಗುರುಬಸವ್ವ ಬಾಯಿ ತೆರೆದಳು. "ಆ ಕಫ..."

"ಸುಮ್ಮನಿರ್ರಿ ಅತ್ತಿ," ಮೀನಾ ಮೆಲ್ಲಗೆ ಅವಳ ಕೈ ಅದುಮಿದಳು. "ಒಲಿ ಮುಂದ ಕುಂತ ಎಲ್ಲಾ ಕೇಳೀನಿ. ನನಗ ತಿಳದೈತಿ. ನೀವು ಹೋಗಿ ಔಷಧ ತಗೊಂಬರ್ರಿ. ನಾ ಎದ್ರ ರೊಟ್ಟಿ ಯಾರ ಮಾಡ್ತಾರ?"

ಔಷಧಿ ಬೇಕಾಗಿತ್ತು ಗುರುಬಸವ್ವನಿಗೆ. ಸುಳ್ಳು ಯಾಕೆ ಹೇಳಬೇಕು, ಆ ಗಳಿಗೆಯಲ್ಲೂ ಬೇಕಾಗಿತ್ತು. ನಾಲ್ಕು ಹೆಜ್ಜೆ ನಡೆದು ಉಸಿರು ಸಿಗುವ ಸುಖ ಎಂಥದಿತ್ತೋ ಮರೆತೇಹೋಗಿತ್ತು ಅವಳಿಗೆ. ಸೊಸೆಯ ಕೈ ಬಿಡಿಸಿಕೊಂಡಳು. ಡಾಕ್ಟರ ಚೀಲದಲ್ಲಿ ಕಾಣುತ್ತಿದ್ದ ಖಾಲಿ ಡಬ್ಬಿಯೊಂದನ್ನು ತಾನೇ ತೆಗೆದುಕೊಂಡು, ಕಂಬದ ಮರೆಯಿಂದ ಪಡಸಾಲೆಯ ನಡುವಿಗೆ ಬಂದು ನಿಂತಳು. ಭಾವನವರ ಕುರ್ಚಿ ಮೂರು ಮಾರು ದೂರವೂ ಇರಲಿಲ್ಲ.

ಕೆಮ್ಮಿದಳು. ಸೆರಗು ತಲೆಯಿಂದ ಜಾರಿತು, ಸರಿಪಡಿಸಿಕೊಳ್ಳಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕರುಳು ಕಿತ್ತು ಬರುವಂತೆ ಕೆಮ್ಮಿ, ಕ್ಯಾಕರಿಸಿ, ಡಬ್ಬಿಯಲ್ಲಿ ಉಗುಳಿದಳು. ಅಂದಾನೆಪ್ಪನವರು ಮುಖ ಬೇರೆಡೆ ತಿರುಗಿಸಿದರು.

"ಇದು ನಂದ್ರಿ," ಅಂದಳು ಗುರುಬಸವ್ವ, ಏದುಸಿರಿನಲ್ಲಿ. "ನೀವು ನೋಡಿದ್ದು ಈಕೀದು. ಭಾವಾರ ಮುಂದ ಉಗಳಾಕ ನಾಚಿ ಈಕೀ ಕಡಿಂದ ತಗೊಂಡಿದ್ದೆ. ಸುಟ್ಟಿದ್ದು ಈಕೀ ಎದಿ. ಈಕೀನ್ನ ಕರಕೊಂಡ ಹೋಗ್ರಿ."

ಐಶ್ವರ್ಯಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇಬ್ಬರದೂ ಮತ್ತ ಮೊದಲಿಂದ ನೋಡಬೇಕಾಗತೈತ್ರಿ," ಅಂದರು. "ಔಷಧ ಹತ್ತೇ ಹತ್ತತೈತಿ ಅಂತ ನಾನೂ ಮಾತು ಕೊಡಾಕ ಬರೂದಿಲ್ಲ."

ಅಂದಾನೆಪ್ಪನವರು ತಲೆ ಬಗ್ಗಿಸಿ ಕೂತಿದ್ದರು. ಗುರುಬಸವ್ವ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು.

"ಕೆಮ್ಮವಾ," ಅಂದಳು. "ಯಾರೂ ಏನೂ ಅನ್ನೂದಿಲ್ಲ. ಕೆಮ್ಮು."

ಮೀನಾ ಬಾಯಿಗಿಟ್ಟಿದ್ದ ಸೆರಗು ತೆಗೆದಳು. ಆ ಮನೆಗೆ ಸೊಸೆಯಾಗಿ ಬಂದಮೇಲೆ ಮೊದಲ ಸಲ ಅವಳ ಕೆಮ್ಮು ಪಡಸಾಲೆಯಲ್ಲಿ ಕೇಳಿಸಿತು. ಒಮ್ಮೆ ಶುರುವಾದದ್ದು ನಿಲ್ಲಲೇ ಇಲ್ಲ. ಹಂಚಿನ ಮೇಲೆ ಬಿಟ್ಟು ಬಂದಿದ್ದ ರೊಟ್ಟಿ ಹೊತ್ತಿದ ವಾಸನೆ ಹೊರಗೆ ಬಂದರೂ ಅವಳು ಕೆಮ್ಮುತ್ತಲೇ ಇದ್ದಳು.